ಹಳೆಯ ಪ್ರಾಜೆಕ್ಟ್ ತೆರೆಯದ ಹೊಸ ಸಾಫ್ಟ್‌ವೇರ್

2011ರ ಜೂನ್ 21ರಂದು ಆಪಲ್ 'ಫೈನಲ್ ಕಟ್ ಪ್ರೊ ಎಕ್ಸ್' ಎಂಬ ವಿಡಿಯೊ ಸಂಕಲನ ಸಾಫ್ಟ್‌ವೇರ್ ಬಿಡುಗಡೆ ಮಾಡಿತು. ಬೆಲೆ ಸುಮಾರು 300 ಡಾಲರ್. ಅದಕ್ಕೂ ಹಿಂದೆ ಇಡೀ ಫೈನಲ್ ಕಟ್ ಸ್ಟುಡಿಯೊಗೆ ಸಾವಿರ ಡಾಲರ್‌ವರೆಗೆ ತೆತ್ತಿದ್ದ ಸಂಕಲನಕಾರರು ಖುಷಿಪಡಬೇಕಿತ್ತು. ಸಿಡಿದೆದ್ದರು.

ಮನೆಬಳಕೆಯ ಐಮೂವಿಯಲ್ಲಿ ಮಾಡಿದ ಪ್ರಾಜೆಕ್ಟನ್ನು ಹೊಸ ಸಾಫ್ಟ್‌ವೇರ್ ತೆರೆಯುತ್ತಿತ್ತು. ವೃತ್ತಿಪರರು ದುಡಿದಿದ್ದ ಹಿಂದಿನ ಆವೃತ್ತಿ ಫೈನಲ್ ಕಟ್ 7ರ ಪ್ರಾಜೆಕ್ಟನ್ನು ಮಾತ್ರ ತೆರೆಯುತ್ತಿರಲಿಲ್ಲ! ಹಲವು ಕ್ಯಾಮೆರಾಗಳ ದೃಶ್ಯಗಳನ್ನು ಹೊಂದಿಸುವ ಮಲ್ಟಿಕ್ಯಾಮ್ ಇರಲಿಲ್ಲ. ಧ್ವನಿ, ಬಣ್ಣದ ಕೆಲಸದವರಿಗೆ ಸಂಕಲನದ ವಿವರ ದಾಟಿಸುವ ಎಕ್ಸ್‌ಎಂಎಲ್ ಕೂಡ ಇರಲಿಲ್ಲ. 'ಐಮೂವಿ ಪ್ರೊ' ಎಂಬ ಅಡ್ಡಹೆಸರು ಅಂಟಿಕೊಂಡಿತು. ಲೇವಡಿ ಒರಟಾಗಿತ್ತು, ಪೂರ್ತಿ ಸುಳ್ಳಾಗಿರಲಿಲ್ಲ. ಕಲಿಯುವವರಿಗೆ ಏಣಿ ಸಿಕ್ಕಿತ್ತು, ಆಗಲೇ ಮೇಲೇರಿದ್ದವರಿಗೆ ನಿಲ್ಲಲು ಅಟ್ಟವೇ ಇರಲಿಲ್ಲ.

ಅವರೇನು ಸಾಮಾನ್ಯರಲ್ಲ. ಸಂಕಲನಕಾರ ವಾಲ್ಟರ್ ಮರ್ಚ್ 2003ರ 'ಕೋಲ್ಡ್ ಮೌಂಟನ್' ಚಿತ್ರವನ್ನು ಸಂಕಲಿಸಿದ್ದು ಫೈನಲ್ ಕಟ್‌ನಲ್ಲೇ. ಅದರಲ್ಲೇ ಸಿದ್ಧವಾದ 'ದ ಸೋಷಿಯಲ್ ನೆಟ್‌ವರ್ಕ್'ಗೆ ಸಂಕಲನದ ಆಸ್ಕರ್ ಬಂದು ಕೆಲವೇ ತಿಂಗಳಾಗಿತ್ತು. ಅದೇ ಚಿತ್ರದ ನಿರ್ದೇಶಕ ಡೇವಿಡ್ ಫಿಂಚರ್ ಅವರ 'ಗಾನ್ ಗರ್ಲ್' 2014ರಲ್ಲಿ ಬಂದಾಗ ಸಂಕಲನ ಪ್ರತಿಸ್ಪರ್ಧಿ ಅಡೋಬ್‌ನ ಪ್ರೀಮಿಯರ್ ಪ್ರೊಗೆ ಜಾರಿತ್ತು. ತಮಾಷೆಯೆಂದರೆ, ಮೊದಲ ಪ್ರೀಮಿಯರ್ ಬರೆದವರೂ ಮುಂದೆ ಫೈನಲ್ ಕಟ್ ಕಟ್ಟಿದವರೂ ಒಬ್ಬರೇ: ರ‍್ಯಾಂಡಿ ಯೂಬಿಲೋಸ್.

ಆಪಲ್ ಎಕ್ಸ್‌ಎಂಎಲ್ಲನ್ನು 2011ರ ಸೆಪ್ಟೆಂಬರ್‌ನಲ್ಲೂ ಮಲ್ಟಿಕ್ಯಾಮನ್ನು 2012ರ ಜನವರಿಯಲ್ಲೂ ಮರಳಿಸಿತು. ಅಷ್ಟರಲ್ಲಿ ಅಡೋಬ್, ಫೈನಲ್ ಕಟ್ ಬಿಟ್ಟು ಬರುವವರಿಗೆ ಅರ್ಧ ಬೆಲೆಯ ಕೊಡುಗೆ ಕೊಟ್ಟು ಬಾಗಿಲು ತೆರೆದಿತ್ತು.