ಅಪ್ರಕಟಿತ ವಿಸ್ತರಣಗಳ ಪೂರ್ವಕ್ರಯ: ವಿಡಿಯೊ ಗೇಮ್‌ಗಳ ಸೀಸನ್ ಪಾಸ್ ಕುರಿತು ಒಂದು ವಿವೇಚನೆ

ಚಾರ್ಮಾಡಿ ಘಟ್ಟದ ಬುಡದಲ್ಲಿ, ಅಡಿಕೆಯ ತೋಟಗಳ ನಡುವೆ ಹರಡಿಕೊಂಡಿರುವ ಮುಂಡಾಜೆಯಂತಹ ಗ್ರಾಮದ ತರುಣನೂ ಇಂದು ಟೋಕಿಯೋದ ತರುಣನಿಗೆ ಎದುರಾಗುವ ಪ್ರಶ್ನೆಯೊಂದನ್ನು ಅದೇ ದಿನ, ಅದೇ ರೂಪದಲ್ಲಿ ಎದುರಿಸುತ್ತಾನೆ: ತಾನು ಕೊಂಡು ಆಡುತ್ತಿರುವ ವಿಡಿಯೊ ಗೇಮಿಗೆ ಮುಂದೆ ಸೇರಲಿರುವ, ಆದರೆ ಇಂತಹುದೆಂದು ಇನ್ನೂ ಯಾರಿಗೂ ತಿಳಿಸಿಲ್ಲದ ಭಾಗಗಳಿಗೆ ಈಗಲೇ ಹಣ ತೆರಬೇಕೆ, ಬೇಡವೆ? ವಿಷಯವು ಕ್ಷುದ್ರವೆಂದು ಕೆಲವರಿಗೆ ತೋರಬಹುದು. ಆದರೆ ಕಾಣದ ವಸ್ತುವಿನ ಕ್ರಯವೆಂಬುದು ವ್ಯವಹಾರಶಾಸ್ತ್ರದ ಅತಿ ಪ್ರಾಚೀನ ತೊಡಕುಗಳಲ್ಲೊಂದಾಗಿದ್ದು, ಅದನ್ನು ಬಿಡಿಸಲು ಶ್ರಮಿಸಿದವರಲ್ಲಿ ಕನ್ನಡನಾಡಿನ ಮಹಾವಿದ್ವಾಂಸರೂ ಇದ್ದರೆಂಬುದನ್ನು ನೆನೆದಾಗ, ಅದು ಹೊಸ ವೇಷದಲ್ಲಿ ನಮ್ಮ ಮಕ್ಕಳ ಮುಂದೆ ಬಂದು ನಿಂತಿರುವ ಈ ಕಾಲದಲ್ಲಿ ಅದನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ಆವಶ್ಯಕವೆಂದೇ ನಮ್ಮ ಭಾವನೆ. ನಾವು ಪ್ರತಿಪಾದಿಸಹೊರಟಿರುವುದು ಇಷ್ಟೆ: ಕಾಣದ ವಸ್ತುಗಳಲ್ಲಿ ಇನ್ನೂ ಹುಟ್ಟದಿರುವುದೊಂದು, ಹುಟ್ಟಿಯೂ ಮರೆಯಲ್ಲಿರಿಸಲ್ಪಟ್ಟುದೊಂದು, ಹೀಗೆ ಎರಡು ಜಾತಿಗಳುಂಟು, ಮೊದಲನೆಯದಕ್ಕೆ ಮುಂಗಡ ಕೊಡಲು ಕೆಲವೊಮ್ಮೆ ನ್ಯಾಯವಾದ ಕಾರಣವಿರಬಹುದು, ಎರಡನೆಯದಕ್ಕೆ ಕೊಡಲು ಗ್ರಾಹಕನಿಗೆ ಯಾವ ಕಾರಣವೂ ಇಲ್ಲ.

ಆಟಗಾರರು ಡಿಎಲ್‌ಸಿ ಎಂದು ಕರೆಯುವ ಈ ವಿಸ್ತರಣಗಳು ಅಂತರ್ಜಾಲದ ಮೂಲಕ ಇಳಿಸಿಕೊಂಡು ಮೂಲ ಗೇಮಿಗೆ ಜೋಡಿಸಿಕೊಳ್ಳತಕ್ಕ ಹೊಸ ಕಥೆ, ಹೊಸ ಪಾತ್ರ, ಹೊಸ ಪ್ರದೇಶ ಅಥವಾ ಬರಿಯ ಅಲಂಕಾರಗಳು. 2006ರಲ್ಲಿ ಬೆಥೆಸ್ಡಾ ಸಂಸ್ಥೆಯು ತನ್ನ ‘ಆಬ್ಲಿವಿಯನ್’ ಗೇಮಿನ ಕುದುರೆಗೆ ತೊಡಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಿದಾಗ ಎದ್ದ ಆಕ್ಷೇಪವು ಇಂದಿಗೂ ಆಟಗಾರರ ಬಾಯಲ್ಲಿದೆ; ಆದರೂ ಅಲ್ಲಿ ಮಾರಿದುದು ಕವಚವೆಂಬುದು ಕೊಳ್ಳುವವನಿಗೆ ಮೊದಲೇ ತಿಳಿದಿತ್ತು. 2011ರಲ್ಲಿ ‘ಎಲ್‌.ಎ. ನ್ವಾರ್’ ಗೇಮಿನ ಕಾಲಕ್ಕೆ ಮುಂಬರುವ ಹಲವು ವಿಸ್ತರಣಗಳನ್ನು ಒಂದೇ ಮುಂಗಡಕ್ಕೆ ಕೊಡುವ ಪದ್ಧತಿಯು ಕಾಣಿಸಿಕೊಂಡು, ಸೀಸನ್ ಪಾಸ್ ಎಂಬ ಹೆಸರಿನಲ್ಲಿ ಬೇಗನೆ ರೂಢವಾಯಿತು. ಇದರ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಗೇಮೊಂದರ ಚಿತ್ರಕಾರರೂ ಕಥಾಕಾರರೂ ತಮ್ಮ ಕೆಲಸ ಮುಗಿಸಿದ ಮೇಲೆಯೂ ದೋಷಪರಿಹಾರಕ್ಕೆಂದು ಬಿಡುಗಡೆಯು ಕೆಲವು ತಿಂಗಳು ತಡೆಯುವುದುಂಟು. ಆ ಅವಧಿಯಲ್ಲಿ ಅವರ ಕೈಗೆ ಕೆಲಸ ಕೊಡಬೇಕು. ಗ್ರಾಹಕರ ಉತ್ಸಾಹವಾದರೋ ಬಿಡುಗಡೆಯ ದಿನದಲ್ಲಿ ಇರುವಷ್ಟು ಮತ್ತೆಂದೂ ಇರುವುದಿಲ್ಲ. ವಸ್ತು ಸಿದ್ಧವಾಗುವ ಹೊತ್ತಿಗೆ ಆ ಉತ್ಸಾಹ ಇಳಿದಿರುವುದಾದುದರಿಂದ, ಉತ್ಸಾಹವು ಇರುವಾಗಲೇ ವಸ್ತುವನ್ನು ಮಾರಿಬಿಡುವುದು ಮಾರುವವನಿಗೆ ಲಾಭಕರ.

ಎರಡು ಉದಾಹರಣೆಗಳನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡತಕ್ಕುದು. 2018ರ ಡಿಸೆಂಬರ್ 7ರಂದು ನಿಂಟೆಂಡೊ ಸಂಸ್ಥೆಯ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ ಪ್ರಕಟವಾಯಿತು. ಅದರೊಡನೆಯೇ ಮುಂದೆ ಬರಲಿರುವ ಐವರು ಹೋರಾಳುಗಳಿಗಾಗಿ 24.99 ಡಾಲರಿನ ಪಾಸನ್ನು ಮಾರಾಟಕ್ಕಿಟ್ಟರು. ಐವರಲ್ಲಿ ಜೋಕರ್ ಎಂಬವನ ಹೆಸರು ಬಿಡುಗಡೆಯ ಹಿಂದಿನ ದಿನ ತಿಳಿದಿತ್ತು. ಉಳಿದ ನಾಲ್ವರು ಯಾರೆಂಬುದು ಒಬ್ಬೊಬ್ಬರದಾಗಿ ಹೊರಬಿದ್ದು, ಐದನೆಯ ಹೆಸರು ಗೊತ್ತಾದುದು 2020ರ ಜನವರಿಯಲ್ಲಿ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆಯ್ಕೆಯು ಮುಗಿದಿದೆಯೆಂದು ನಿರ್ದೇಶಕ ಮಸಾಹಿರೊ ಸಕುರಾಯಿಯವರು ಗೇಮ್ ಬಿಡುಗಡೆಯಾಗುವುದಕ್ಕೆ ಮೊದಲೇ ಸಾರಿದ್ದರು. ಎಂದರೆ ಮಾರುವವನಿಗೆ ಎಲ್ಲವೂ ಗೊತ್ತು, ಕೊಳ್ಳುವವನಿಗೆ ಮಾತ್ರ ಗೊತ್ತಿಲ್ಲ. ಅಜ್ಞಾನವು ವಸ್ತುವಿನ ಸ್ವಭಾವದಿಂದ ಬಂದುದಲ್ಲ, ಮಾರುವವನ ಇಚ್ಛೆಯಿಂದ ಬಂದುದು.

ಈ ಅಜ್ಞಾನಕ್ಕೆ ಪ್ರತಿಯಾಗಿ ಗ್ರಾಹಕನಿಗೆ ದೊರೆತುದೇನು? ಬಿಡಿಯಾಗಿ ಕೊಂಡರೆ ಒಬ್ಬ ಹೋರಾಳಿಗೆ 5.99 ಡಾಲರು, ಐವರಿಗೆ 29.95. ಪಾಸಿನಿಂದ ಉಳಿಯುವುದು 4.96 ಡಾಲರು, ನೂರಕ್ಕೆ ಸುಮಾರು 17ರಷ್ಟು. ಆದರೆ ಐವರಲ್ಲಿ ಒಬ್ಬನು ಬೇಡವಾದನೆಂದು ಭಾವಿಸೋಣ: ಉಳಿದ ನಾಲ್ವರನ್ನು ಬಿಡಿಯಾಗಿ ಕೊಂಡರೆ 23.96 ಡಾಲರು ಮಾತ್ರವಾಗಿ, ಪಾಸೇ ತುಟ್ಟಿಯಾಗುತ್ತದೆ. ಆರು ಮಂದಿಯನ್ನೊಳಗೊಂಡ ಎರಡನೆಯ ಪಾಸಿನ ಬೆಲೆ 29.99 ಡಾಲರು, ಐವರ ಬಿಡಿಬೆಲೆ 29.95. ಎರಡು ಬಾರಿಯೂ ಲೆಕ್ಕವು ಒಂದೇ ಕಡೆಗೆ ವಾಲುವುದು: ಒಬ್ಬನೇ ಒಬ್ಬನು ಮನಸ್ಸಿಗೆ ಬಾರದೆಹೋದರೂ ರಿಯಾಯಿತಿಯೆಲ್ಲ ಕರಗಿಹೋಗುವಂತೆ ಬೆಲೆಯು ನಿಂತಿದೆ. ಐದನೆಯವನಾಗಿ ‘ಫೈರ್ ಎಂಬ್ಲೆಮ್’ ಮಾಲಿಕೆಯ ಮತ್ತೊಬ್ಬ ಖಡ್ಗಧಾರಿ ಬಂದಾಗ ಅನೇಕರು ಬೇಸರಗೊಂಡರಷ್ಟೆ. ಎಲ್ಲರ ಹೆಸರೂ ಹೊರಬಂದ ಮೇಲೆ ಕೂಡ ಪಾಸು ಅದೇ 24.99 ಡಾಲರಿಗೆ ದೊರೆಯುತ್ತಿತ್ತು. ಒಂದು ವರ್ಷ ಕಾದವನು ಒಂದು ಕಾಸನ್ನೂ ಹೆಚ್ಚು ತೆರಲಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವು ಮಾತ್ರ ಅವನಲ್ಲೇ ಉಳಿದಿತ್ತು.

ಇದಕ್ಕೆ ಪ್ರತಿಪಕ್ಷವಾಗಿ ‘ಫಾಲೌಟ್ 4’ರ ದೃಷ್ಟಾಂತವನ್ನು ಹೇಳುವವರಿದ್ದಾರೆ, ಆ ವಾದವನ್ನು ಲಘುವಾಗಿ ಕಾಣಲಾಗದು. 2015ರ ನವೆಂಬರಿನಲ್ಲಿ ಹೊರಬಂದ ಆ ಗೇಮಿಗೆ ಬೆಥೆಸ್ಡಾ ಸಂಸ್ಥೆಯು 30 ಡಾಲರಿನ ಪಾಸನ್ನು ಮೊದಲೇ ಮಾರಿತು. ಏನು ಕೊಡುವೆವೆಂಬುದು ಆಗ ತಮಗೂ ತಿಳಿಯದೆಂದು ಅದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ತನ್ನ ಹಿಂದಿನ ವಿಸ್ತರಣಗಳನ್ನೇ ಸಾಕ್ಷಿಯಾಗಿ ಮುಂದಿಟ್ಟಿತು. ಮುಂದೆ ಯೋಜನೆಯು ಹಿಗ್ಗಿ, ಪಾಸಿನ ಬೆಲೆ 2016ರ ಮಾರ್ಚ್ 1ರಿಂದ 50 ಡಾಲರಿಗೇರಿತು. ಕೊನೆಗೆ ಬಂದ ಆರು ವಿಸ್ತರಣಗಳ ಬಿಡಿಬೆಲೆಗಳ ಮೊತ್ತವು 69.94 ಡಾಲರು. ಮೊದಲೇ ಕೊಂಡವರು ನಿಸ್ಸಂದೇಹವಾಗಿ ಗೆದ್ದರು. ಆದರೆ ಕಾಲಕ್ರಮವನ್ನು ಸೂಕ್ಷ್ಮವಾಗಿ ನೋಡಬೇಕು: ಮೊದಲ ಮೂರು ವಿಸ್ತರಣಗಳ ಹೆಸರು, ಬೆಲೆ, ಸ್ವರೂಪಗಳನ್ನೂ ಪಾಸಿನ ಬೆಲೆಯೇರಿಕೆಯನ್ನೂ ಸಂಸ್ಥೆಯು ಒಟ್ಟಿಗೇ, ಫೆಬ್ರವರಿ 16ರಂದು, ಪ್ರಕಟಿಸಿತು. ಪ್ರಕಟನೆಯಾಗುವವರೆಗೆ ಕಾದಿದ್ದವನಿಗೂ ಹಳೆಯ ಬೆಲೆಯಲ್ಲಿ ಕೊಳ್ಳಲು ಸುಮಾರು ಎರಡು ವಾರಗಳ ಅವಕಾಶವಿತ್ತು. ಕುರುಡುಖರೀದಿಯ ಪರವಾಗಿ ಎಣಿಸಲ್ಪಡುವ ಈ ದೃಷ್ಟಾಂತವೂ ಹೀಗೆ ಕಾಯುವವನ ಪಕ್ಷವನ್ನೇ ಸೇರುತ್ತದೆ. 2015ರಲ್ಲಿಯೇ ‘ದಿ ವಿಚರ್ 3’ರ ನಿರ್ಮಾತೃಗಳು ತಮ್ಮ ವಿಸ್ತರಣಗಳ ಪಾಸನ್ನು ಮಾರುವಾಗ, ಸಂದೇಹವಿದ್ದವರು ಈಗ ಕೊಳ್ಳದೆ ವಿಮರ್ಶೆಗಳಿಗಾಗಿ ಕಾಯಬಹುದೆಂದು ತಾವೇ ಹೇಳಿದ್ದರು. ಅಂತಹ ಮಾರಾಟಗಾರರು ವಿರಳ.

ಈಗ ನಮ್ಮ ಪೂರ್ವಿಕರ ಕಡೆಗೆ ತಿರುಗೋಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣನಗರದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವನ್ನು ನಮ್ಮವರು ದಾಯಭಾಗದ ಪ್ರಸಂಗದಲ್ಲಿ ಮಾತ್ರ ಸ್ಮರಿಸುವುದು ವಾಡಿಕೆ. ಆದರೆ ಕೊಂಡ ಬಳಿಕ ಪಶ್ಚಾತ್ತಾಪಗೊಂಡವನ ವ್ಯವಹಾರವನ್ನು, ಅಂದರೆ ಕ್ರೀತಾನುಶಯವನ್ನು, ಕುರಿತು ಅಲ್ಲಿ ಬರುವ ವಿಚಾರವು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವರ್ತಿಯಾದುದು. ಕೊಂಡ ವಸ್ತುವನ್ನು ಪರೀಕ್ಷಿಸಲು ಬೀಜಕ್ಕೆ 10 ದಿನ, ಲೋಹಕ್ಕೆ 1 ದಿನ, ಭಾರವಾಹಕ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನವೆಂದು ಸ್ಮೃತಿಯು ವಿಧಿಸುತ್ತದೆ. ದಾಸದಾಸಿಯರನ್ನೂ ಇದೇ ಪಟ್ಟಿಯಲ್ಲಿ ಸೇರಿಸಿದ ಆ ಕಾಲದ ಕ್ರೌರ್ಯವನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಗಮನಾರ್ಹವಾದುದು ತತ್ತ್ವ: ವಸ್ತುವಿನ ಗುಣವು ಪ್ರಕಟವಾಗಲು ಎಷ್ಟು ಕಾಲ ಹಿಡಿಯುವುದೋ ಅಷ್ಟು ಕಾಲ ಕೊಳ್ಳುವವನ ಸಮ್ಮತಿಯು ಪೂರ್ಣವಾಗದು. ಬೀಜವು ಮೊಳೆಯಬೇಕು, ಹಸುವು ಹಾಲು ಕೊಡಬೇಕು. ಕೊಳ್ಳುವವನು ಮೊದಲೇ ತಾನಾಗಿ ಪರೀಕ್ಷಿಸಿ ಒಪ್ಪಿದುದನ್ನು ಮರಳಿಸಲಾಗದೆಂದೂ, ನಿರ್ದೋಷವಾದುದನ್ನು ತೋರಿಸಿ ದೋಷಯುಕ್ತವಾದುದನ್ನು ಕೊಟ್ಟ ಮಾರಾಟಗಾರನು ಇಮ್ಮಡಿ ತೆರಬೇಕೆಂದೂ ಸ್ಮೃತಿಕಾರನಾದ ನಾರದನು ಹೇಳುವುದು ಈ ತತ್ತ್ವದ ಎರಡು ಮುಖಗಳೇ ಸರಿ. ಸ್ಟೀಮ್ ಎಂಬ ಜಾಲಮಳಿಗೆಯು 2015ರಲ್ಲಿ ಜಾರಿಗೆ ತಂದ ನಿಯಮ, ಎಂದರೆ ಕೊಂಡು 14 ದಿನಗಳೊಳಗೆ, ಆಡಿದ ಕಾಲವು 2 ಗಂಟೆ ಮೀರದಿದ್ದರೆ ಹಣ ಮರಳಿಸುವುದು, ಇದೇ ಪರೀಕ್ಷಾಕಾಲದ ಇಂದಿನ ರೂಪ. ಸೀಸನ್ ಪಾಸಿನ ಕೇಡು ಇರುವುದು ಇಲ್ಲಿಯೇ: ವಸ್ತುವು ಕೈಗೆ ಬರುವ ಹೊತ್ತಿಗೆ ಪರೀಕ್ಷೆಯ ಅವಧಿಯು ಮೀರಿಹೋಗಿರುತ್ತದೆ.

ರೋಮಿನ ನ್ಯಾಯವೇತ್ತರಾದರೂ ಆಶೆಯನ್ನೇ ಕೊಳ್ಳುವ ಒಂದು ಕ್ರಯವನ್ನು ಮಾನ್ಯಮಾಡಿದ್ದರು. ಬೆಸ್ತನು ಬೀಸಲಿರುವ ಬಲೆಗೆ ಬೀಳುವ ಮೀನನ್ನು ಮೊದಲೇ ಕೊಂಡವನು, ಬಲೆ ಬರಿದಾಗಿ ಬಂದರೂ ಬೆಲೆ ಕೊಡಬೇಕೆಂಬುದು ಪಾಂಪೋನಿಯಸನ ಅಭಿಪ್ರಾಯ. ಆದರೆ ಆ ಬಲೆಯಲ್ಲಿ ಏನು ಬೀಳುವುದೆಂಬುದು ಬೆಸ್ತನಿಗೂ ತಿಳಿಯದು. ಅನಿಶ್ಚಯವು ಇಬ್ಬರಿಗೂ ಸಮಾನವಾಗಿರುವುದರಿಂದಲೇ ಆ ಕ್ರಯವು ನ್ಯಾಯ್ಯವೆನಿಸುವುದು. ‘ಫಾಲೌಟ್ 4’ನ್ನು ಈ ನ್ಯಾಯದಡಿ ತರಬಹುದು, ‘ಸ್ಮ್ಯಾಶ್ ಬ್ರದರ್ಸ್’ನ್ನು ತರಲಾಗದು.

ಮುಂಡಾಜೆಯ ಕೃಷಿಕರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಣ ಮಲೆನಾಡಿನಲ್ಲಿ ಅಡಿಕೆಯ ಫಸಲನ್ನು ಮರದ ಮೇಲಿರುವಾಗಲೇ ಚೇಣಿಗೆ ಕೊಡುವ ಪದ್ಧತಿ ಇದೆ. ಅಲ್ಲಿಯೂ ಚೇಣಿದಾರನು ತೋಟವನ್ನು ಸುತ್ತಿ, ಗೊನೆಗಳನ್ನು ಕಣ್ಣಾರೆ ಕಂಡು ಅಂದಾಜುಮಾಡಿದ ಮೇಲೆಯೇ ಬೆಲೆಯ ಮಾತೆತ್ತುವನು. ಮುಂದೆ ಮಳೆಯೂ ಕೊಳೆರೋಗವೂ ಮಾಡಬಹುದಾದ ಹಾನಿಯು ಇಬ್ಬರಿಗೂ ಅಗೋಚರ, ಗೊನೆಯು ಮಾತ್ರ ಇಬ್ಬರಿಗೂ ಗೋಚರ. ಘಟ್ಟದ ಕೆಳಗಣ ಕೃಷಿಕನು ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿಯಾಗಿ ಮಾರುವವನು. ಒಣಗಿದ ಅಡಿಕೆಯನ್ನು ಧಾರಣೆ ಏರುವವರೆಗೆ ಇಟ್ಟುಕೊಳ್ಳಬಹುದಾದರೂ, ಕೈಯಲ್ಲಿ ಕಾಸಿಲ್ಲದವನು ಇಟ್ಟುಕೊಳ್ಳಲಾರನು. 1973ರಲ್ಲಿ ಮಂಗಳೂರಿನಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರಿಯಾದ ಕ್ಯಾಂಪ್ಕೊ ಸಂಸ್ಥೆಯು ಹುಟ್ಟಿದುದರ ಮಹತ್ತ್ವವೆಲ್ಲ, ನಮ್ಮ ದೃಷ್ಟಿಯಲ್ಲಿ, ಬೆಳೆಗಾರನಿಗೆ ಕಾಯುವ ಶಕ್ತಿಯನ್ನು ತಂದುಕೊಟ್ಟುದರಲ್ಲಿದೆ. ಅಷ್ಟು ಕಷ್ಟದಿಂದ ಹಿರಿಯರು ಗಳಿಸಿದ ಈ ಶಕ್ತಿಯು ಡಿಎಲ್‌ಸಿಯ ಗ್ರಾಹಕನಿಗೆ ಹುಟ್ಟಿನಿಂದಲೇ ಪ್ರಾಪ್ತವಾಗಿದೆ: ಇಳಿಸಿಕೊಳ್ಳುವ ವಸ್ತುವು ಮುಗಿದುಹೋಗುವುದಿಲ್ಲ, ಕೊಳೆಯುವುದಿಲ್ಲ, ಮೊದಲು ಬಂದವರು ಕೊಂಡುದರಿಂದ ಕಡಿಮೆಯಾಗುವುದಿಲ್ಲ. ಇಂತಹ ಶಕ್ತಿಯನ್ನು ಒಂದು ಪ್ರಕಟನೆಯ ಉದ್ವೇಗಕ್ಕೆ ಬಿಟ್ಟುಕೊಡುವುದನ್ನು ಕಂಡಾಗ ನಮಗೆ ವ್ಯಸನವಾಗುತ್ತದೆ.

ಧರ್ಮಸ್ಥಳ, ಕಟೀಲು ಯಕ್ಷಗಾನ ಮೇಳಗಳ ಹರಕೆಯಾಟವನ್ನು ವರ್ಷಗಟ್ಟಲೆ ಮುಂಚಿತವಾಗಿ ಗೊತ್ತುಮಾಡುವ ನಮ್ಮ ಸೀಮೆಯ ವಾಡಿಕೆಯನ್ನು ಇಲ್ಲಿ ಯಾರಾದರೂ ಎತ್ತಿದರೆ, ಉತ್ತರವು ಸುಲಭ. ಅಂದಿನ ವೇಷ, ಅಂದಿನ ಅರ್ಥಗಾರಿಕೆ ಹೇಗೆಂಬುದು ತಿಳಿಯದಿದ್ದರೂ ಪುರಾಣದ ಕಥೆಯು ಎಲ್ಲರಿಗೂ ತಿಳಿದಿರುವುದು. ಅದಲ್ಲದೆ ಹರಕೆಯವನು ಕೊಳ್ಳುವುದು ಆಟವನ್ನಲ್ಲ, ಸಲ್ಲಿಸುವುದು ಸೇವೆಯನ್ನು.

ಭಾರತದ ವಿಧಿಗಳು ಈ ವಿಷಯದಲ್ಲಿ ಸರ್ವಥಾ ಮೂಕವಲ್ಲ. 1930ರ ಸರಕು ಮಾರಾಟ ಅಧಿನಿಯಮದ 6ನೆಯ ಪ್ರಕರಣದಂತೆ, ಮುಂದೆ ಉಂಟಾಗಲಿರುವ ಸರಕನ್ನು ಈಗಲೇ ಮಾರಿದೆನೆಂದರೆ ಅದು ಮಾರಾಟವಲ್ಲ, ಮಾರುವ ಒಪ್ಪಂದ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಡಿಜಿಟಲ್ ಉತ್ಪನ್ನಗಳ ವ್ಯಾಪಾರವನ್ನು ಇ-ವಾಣಿಜ್ಯದ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಸೇರಿಸಿಕೊಂಡು, ಗುಣ ಪ್ರಮಾಣ ಬೆಲೆಗಳನ್ನು ತಿಳಿಯುವುದು ಗ್ರಾಹಕನ ಹಕ್ಕೆಂದು ಸಾರಿ, ಮುಖ್ಯವಾದ ಮಾಹಿತಿಯನ್ನು ಬುದ್ಧಿಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನು ದಾರಿ ತಪ್ಪಿಸುವ ಜಾಹೀರಾತುಗಳಲ್ಲಿ ಎಣಿಸಿದೆ. ದೂರುದಾರನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರನ್ನು ಸಲ್ಲಿಸಬಹುದಾದುದರಿಂದ ಮುಂಡಾಜೆಯ ಗ್ರಾಹಕನಿಗೆ ಮಂಗಳೂರಿನ ಜಿಲ್ಲಾ ಆಯೋಗವೇ ಸಾಕು. 5 ಲಕ್ಷ ರೂಪಾಯಿಯವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆಯ್ಕೆಯು ಮುಗಿದಿದ್ದರೂ ಹೆಸರನ್ನು ಬಚ್ಚಿಟ್ಟು ಮಾರುವ ಪಾಸಿಗೆ ಈ ‘ಮರೆಮಾಚುವಿಕೆ’ಯ ಮಾತನ್ನು ಅನ್ವಯಿಸತಕ್ಕುದೆಂದೇ ನಮ್ಮ ದೃಢವಾದ ಅಭಿಮತ.

ವ್ಯಾಪಾರಿಗಳಲ್ಲಿಯೂ ಈ ದಿಕ್ಕಿನಲ್ಲಿ ಎಚ್ಚರ ಮೂಡಿದೆ. ಪ್ರತಿಯೊಂದು ವಿಸ್ತರಣದ ಸ್ವರೂಪವನ್ನೂ ಅದು ಬರುವ ಕಾಲವನ್ನೂ ತಿಳಿಸದೆ ಸೀಸನ್ ಪಾಸನ್ನು ಮಾರಕೂಡದೆಂದೂ, ಕಾಲವನ್ನು ಒಮ್ಮೆ ಮಾತ್ರ, ಅದೂ 3 ತಿಂಗಳೊಳಗೆ, ಮುಂದೂಡಬಹುದೆಂದೂ, ಕೊಡದೆಹೋದ ಭಾಗದ ಬೆಲೆಯನ್ನು ಮರಳಿಸಬೇಕೆಂದೂ ಸ್ಟೀಮ್ 2024ರ ನವೆಂಬರಿನಲ್ಲಿ ನಿಯಮಿಸಿತು. ಆದರೂ ಯಾವ ಮಳಿಗೆಯ ನಿಯಮಕ್ಕೂ ನಿಲುಕದ ಅಪಾಯಗಳುಂಟು. 2020ರ ಸೆಪ್ಟೆಂಬರ್ 2ರಂದು ಸರಕಾರವು ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಒಂದಾಗಿತ್ತು. ಅದರ ಉತ್ತರಾಧಿಕಾರಿಯಾಗಿ 2021ರಲ್ಲಿ ಬಂದ ಬಿಜಿಎಂಐ ಮರುವರ್ಷ ಜುಲೈಯಲ್ಲಿ ಮರೆಯಾಗಿ 2023ರ ಮೇ ತಿಂಗಳಿನಲ್ಲಿ ಹಿಂದಿರುಗಿತು. ಮುಂದಿನ ಕಾಲಕ್ಕೆಂದು ಇಂದು ತೆತ್ತ ಹಣವು ಆ ಕಾಲವು ಬಂದೇ ಬರುವುದೆಂಬ ನಂಬಿಕೆಯ ಮೇಲೆ ನಿಂತಿದೆ.

ಇನ್ನೂ ಹುಟ್ಟದಿರುವುದಕ್ಕೆ ಮುಂಗಡ ಕೊಡುವುದು ಎಲ್ಲಿ ನ್ಯಾಯವೆಂಬುದೊಂದು ಉಳಿದಿದೆ. ಕನ್ನಡದ ಪುಸ್ತಕಲೋಕವು ಇದಕ್ಕೆ ಉತ್ತರವನ್ನು ಆಚರಿಸಿಯೇ ತೋರಿಸಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆದುದು. ಪುಸ್ತಕಗಳನ್ನು ಕಾಣದೆಯೇ ಅವರು ಹಣ ಕೊಟ್ಟರು. ಆ ಹಣವಿಲ್ಲದಿದ್ದರೆ ಪುಸ್ತಕಗಳೇ ಇರುತ್ತಿರಲಿಲ್ಲ; ತಾವು ಗ್ರಾಹಕರಷ್ಟೇ ಅಲ್ಲ, ಪೋಷಕರೆಂಬುದನ್ನು ಅವರು ಬಲ್ಲವರಾಗಿದ್ದರು. ದೊಡ್ಡ ಬಂಡವಾಳದ ಸಂಸ್ಥೆಯೊಂದರ ಸಿದ್ಧ ಸರಕಿಗೆ ಈ ಪೋಷಣೆಯ ಆವಶ್ಯಕತೆಯಿಲ್ಲ. ಆಸ್ಟ್ರೇಲಿಯದ ಅಡಿಲೇಡ್ ನಗರದ ಟೀಮ್ ಚೆರಿ ಎಂಬ ಪುಟ್ಟ ತಂಡಕ್ಕಾದರೋ ಇತ್ತು. 2014ರ ಕೊನೆಯಲ್ಲಿ ‘ಹಾಲೋ ನೈಟ್’ ಗೇಮಿಗಾಗಿ ಆ ತಂಡವು ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣವೆತ್ತಿದಾಗ, ಹಾರ್ನೆಟ್ ಎಂಬ ಪಾತ್ರವನ್ನು ಆಡಬಹುದಾದ ಹೆಚ್ಚಿನ ಭಾಗವೊಂದನ್ನೂ ವಾಗ್ದಾನಮಾಡಿತು. ಆ ಭಾಗವು ಬೆಳೆಬೆಳೆದು ‘ಸಿಲ್ಕ್‌ಸಾಂಗ್’ ಎಂಬ ಸ್ವತಂತ್ರ ಗೇಮಾಗುವುದೆಂದು 2019ರಲ್ಲಿ ತಿಳಿಸಿ, ಅಂದು ಹಣವಿತ್ತವರಿಂದ ಮತ್ತೆ ಬೆಲೆ ತೆಗೆದುಕೊಳ್ಳುವುದಿಲ್ಲವೆಂದೂ ಸಾರಿದರು. ಅದು ಆಟಗಾರರ ಕೈಸೇರಿದುದು 2025ರ ಸೆಪ್ಟೆಂಬರ್ 4ರಂದು, ಮುಂಗಡ ಕೊಟ್ಟು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.