ಪಾದಪವೂ ಲೋಹರಸವೂ

ವೃಕ್ಷಕ್ಕೆ ಪಾದಪವೆಂಬ ಹೆಸರು ಬಂದುದು ಪಾದಗಳಿಂದ, ಎಂದರೆ ಬೇರುಗಳಿಂದ, ಕುಡಿಯುವುದರಿಂದ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನೊಡನೆ ಮಾತನಾಡುತ್ತ, ಮರಗಳು ನೀರು ಕುಡಿಯುವುವು, ಅವಕ್ಕೆ ರೋಗ ಬರುವುದು, ಚಿಕಿತ್ಸೆಯೂ ಫಲಿಸುವುದು, ಆದಕಾರಣ ಅವಕ್ಕೆ ರಸನೇಂದ್ರಿಯವುಂಟೆಂದು ಸಾಧಿಸಿದ್ದಾನೆ. ಹಾಗಾದರೆ ನೀರಿನೊಡನೆ ಸೀಸ, ಸತು, ನಿಕಲ್ ಮೊದಲಾದ ಭಾರಲೋಹಗಳೂ ಕರಗಿರುವ ನೆಲದಲ್ಲಿ ಮರವು ರುಚಿಯರಿತು ಬಿಡುವುದೋ, ಕುಡಿದೇ ಬಿಡುವುದೋ?

ಈ ಪ್ರಶ್ನೆಗೆ ಉತ್ತರವು ನಮ್ಮ ಗ್ರಂಥಗಳಲ್ಲಿಯೇ ಇದೆಯೆಂದು ವಾದಿಸುವವರುಂಟು. ಅವರ ಆಧಾರವು ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯ. ಯಾವ ಮರದಿಂದ ಯಾವ ದಿಕ್ಕಿಗೆ, ಎಷ್ಟು ಪುರುಷ ಪ್ರಮಾಣ ಅಗೆದರೆ ಜಲ ಸಿಕ್ಕುವುದೆಂಬುದು ಅಲ್ಲಿಯ ವಿಷಯ. ಮರವನ್ನು ಭೂಗರ್ಭದ ಲಿಂಗವಾಗಿ, ತಾರ್ಕಿಕರ ಅರ್ಥದಲ್ಲಿ ಲಿಂಗವಾಗಿ, ಕಂಡುದು ಆಚಾರ್ಯನ ಹಿರಿಮೆಯೇ ಸರಿ. ಆದರೆ ಎಲೆಯೊಳಗೆ ಲೋಹವಿದೆಯೆಂಬ ಮಾತು ಅಲ್ಲಿಲ್ಲ. ಇಲ್ಲದುದನ್ನು ಗ್ರಂಥದ ಮೇಲೆ ಹೇರುವುದು ಭಕ್ತಿಯಲ್ಲ.

೧೫೫೬ರಲ್ಲಿ ಪ್ರಕಟವಾದ ಜರ್ಮನಿಯ ಅಗ್ರಿಕೋಲನ ಗಣಿಗ್ರಂಥವು, ಅದಿರಿನ ಎಳೆಯ ಮೇಲಿನ ಮರಗಳ ಎಲೆಗಳು ವಸಂತದಲ್ಲಿ ಸೀಸದ ಬಣ್ಣಕ್ಕೆ ತಿರುಗುವುದನ್ನು ಹೇಳುತ್ತದೆ. ಅದೂ ಹೊರಗಿನ ಲಕ್ಷಣವೇ. ಒಳಗಿನದನ್ನು ಅಳೆದುದು ಬಹು ಈಚೆಗೆ: ೧೮೮೫ರಲ್ಲಿ ಬೌಮನ್ ಎಂಬವನು ಸತುವಿನ ನೆಲದ ಸಸ್ಯದ ಒಣ ಎಲೆಯಲ್ಲಿ ನೂರಕ್ಕೆ ಒಂದು ಪಾಲಿಗೂ ಮಿಕ್ಕಿ ಸತುವನ್ನು ಕಂಡನು. ಅದೊಂದು ಗಿಡ. ಮರದ ವಿಷಯದಲ್ಲಿ ಆಶ್ಚರ್ಯವನ್ನು ತೋರಿಸಿದುದು ಶಾಂತಸಾಗರದ ಫ್ರೆಂಚ್ ದ್ವೀಪವಾದ ನ್ಯೂ ಕಲೆಡೋನಿಯ. ಅಲ್ಲಿಯ ನೆಲವು ಸ್ವಭಾವತಃ ನಿಕಲ್ ಉಳ್ಳದ್ದು. ಕಾಡಿನಲ್ಲಿ ಸೆಬರ್ಟಿಯ ಎಂಬ ಮರದ ತೊಗಟೆಯನ್ನು ಕಚ್ಚು ಮಾಡಿದರೆ ನೀಲಿ ಹಸುರಿನ ಹಾಲು ಒಸರುವುದು. ೧೯೭೬ರಲ್ಲಿ ಜಾಫ್ರೆ, ಬ್ರೂಕ್ಸ್ ಮೊದಲಾದವರು ಆ ಹಾಲನ್ನು ಒಣಗಿಸಿ ತೂಗಿದಾಗ ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ನಿಕಲ್ಲೇ ಇದ್ದಿತು! ಮರವು ಸಾಯದಿರುವುದು ಹೇಗೆ? ನಿಂಬೆಯ ಹುಳಿಗೆ ಕಾರಣವಾದ ಆಮ್ಲವೇ ಇಲ್ಲಿ ನಿಕಲ್ಲನ್ನು ಬಂಧಿಸುವುದು. ಬದ್ಧವಾದ ಲೋಹವು ಹಾಲಿನ ನಾಳಗಳಲ್ಲಿ ಪ್ರತ್ಯೇಕವಾಗಿ ಉಳಿಯುವುದು. ನಂಜು ಹೋಗಲಿಲ್ಲ, ಸೆರೆಯಾಯಿತು.

ಇದು ಅಪವಾದ. ಬಹುಪಾಲು ಮರಗಳಲ್ಲಿ ಸೀಸವು ಬೇರಿನ ಕೋಶಭಿತ್ತಿಗೆ ಅಂಟಿ ಅಲ್ಲಿಯೇ ನಿಲ್ಲುತ್ತದೆ. ಬೇರನ್ನಾಶ್ರಯಿಸಿದ ಶಿಲೀಂಧ್ರಗಳೂ ಲೋಹವನ್ನು ತಡೆಯುವುದುಂಟು. ವಿಲ್ಲೋ, ಪಾಪ್ಲರ್ ಜಾತಿಗಳಾದರೋ ಸತುವನ್ನೂ ಕ್ಯಾಡ್ಮಿಯಮನ್ನೂ ಎಲೆಯವರೆಗೆ ಏರಿಸುವುವು. ಸತುವು ಮರಕ್ಕೆ ಸ್ವಲ್ಪ ಬೇಕು, ಕ್ಯಾಡ್ಮಿಯಮಾದರೋ ಬೇಡ. ಎರಡರ ಸ್ವಭಾವವೂ ಸಮೀಪವಾದುದರಿಂದ ಸತುವಿಗೆಂದು ತೆರೆದ ದ್ವಾರದಲ್ಲಿ ಕ್ಯಾಡ್ಮಿಯಮೂ ನುಗ್ಗುವುದು. ಭೃಗುವಿನ ರಸನೇಂದ್ರಿಯವು ಇಲ್ಲಿ ಮೋಸಹೋಗುವುದು.

ವರಾಹಮಿಹಿರನ ಮಾರ್ಗಕ್ಕೆ ನಿಜವಾಗಿ ಹತ್ತಿರವಾದುದು ಆಸ್ಟ್ರೇಲಿಯದ ಶೋಧ. ನೀಲಗಿರಿ ಮರಗಳ ಬೇರು ಮೂವತ್ತು ಮೀಟರಿಗೂ ಆಳದಿಂದ ಚಿನ್ನದ ಸೂಕ್ಷ್ಮಕಣವನ್ನು ಎಲೆಗೆ ತರುವುದೆಂದು ೨೦೧೩ರಲ್ಲಿ ಪ್ರಕಟವಾಯಿತು. ಪ್ರಮಾಣವು ಅತ್ಯಲ್ಪ, ಎಲೆ ಮಾರಿ ಯಾರೂ ಧನಿಕರಾಗುವಂತಿಲ್ಲ.

ನಮ್ಮ ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಅರೆದ ಅದಿರಿನ ಶೇಷವು ಸೈನೈಡ್ ಗುಡ್ಡಗಳಾಗಿ ನಿಂತಿದೆ. ಅಂತಹ ನೆಲದಲ್ಲಿ ಮರ ಬೆಳೆದರೆ ಧೂಳು ತಗ್ಗುವುದು ನಿಜ. ಮರವೇ ನೆಲವನ್ನು ಶುದ್ಧಮಾಡಿತೆನ್ನುವುದಕ್ಕೆ ಮುನ್ನ ಎಲೆಯನ್ನು ಪರೀಕ್ಷಿಸಬೇಕು. ಎಲೆಗೇರಿದ ಲೋಹವು ಎಲೆಯುದುರಿದಾಗ ಮೇಲ್ಮಣ್ಣಿಗೇ ಮರಳುವುದು. ಅದನ್ನು ಆಡು ಮೇದರೆ ಆಡಿನೊಳಕ್ಕೆ, ಸೌದೆ ಉರಿಸಿದರೆ ಬಹುಮಟ್ಟಿಗೆ ಒಲೆಯ ಬೂದಿಗೆ.