ಟಪಾಲಿನಲ್ಲಿ ಸಾಗಿದ ರಣರಂಗ: ಕಂಪ್ಯೂಟರ್ ಯುದ್ಧದಾಟದ ನಾಲ್ಕು ದಶಕ

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್‌ಜಿ ಮೊಬೈಲ್ ಅದರಲ್ಲೊಂದು. ಅಂದಿನಿಂದ ನಮ್ಮ ಪತ್ರಿಕೆಗಳ ಪಾಲಿಗೆ ಯುದ್ಧದ ಆಟವೆಂದರೆ ಪಬ್‌ಜಿ, ಪಬ್‌ಜಿಯೆಂದರೆ ಕೆಟ್ಟುಹೋದ ಹುಡುಗರು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಆಟಗಳ ಕಾಯ್ದೆ ಬಂದ ಮೇಲಂತೂ ದುಡ್ಡು ಕಟ್ಟುವ ರಮ್ಮಿ, ಗುಂಡು ಹಾರಿಸುವ ಆಟ, ನಕಾಶೆಯ ಮೇಲೆ ಸೈನ್ಯ ನಡೆಸುವ ಆಟ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ರೂಢಿಯಾಗಿದೆ. ಈ ಮೂರನೆಯದಕ್ಕೆ ತನ್ನದೇ ಚರಿತ್ರೆಯಿದೆ, ತನ್ನದೇ ಬಳಗವಿದೆ. ಮುಂಬಯಿ ಹೊರವಲಯದ ಕಲ್ಯಾಣ, ಡೊಂಬಿವಲಿ, ಉಲ್ಹಾಸನಗರಗಳ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರಗಳಲ್ಲೂ ಅದು ಕಾಲು ಶತಮಾನ ಬಾಳಿದೆ. ಕನ್ನಡದಲ್ಲಿ ಅದರ ಬಗ್ಗೆ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಆಟದಲ್ಲಿ ಆಟಗಾರನ ಕೈಯಲ್ಲಿ ಬಂದೂಕು ಇರುವುದಿಲ್ಲ. ಎದುರಿಗೆ ಒಂದು ನಕಾಶೆ, ಅದರ ಮೇಲೆ ಆರು ಮೂಲೆಯ ಮನೆಗಳು. ಆಡುವವರು ಅವನ್ನು ಹೆಕ್ಸ್ ಎನ್ನುತ್ತಾರೆ. ಮನೆಯಿಂದ ಮನೆಗೆ ಪಟಾಲಂ, ಬ್ರಿಗೇಡ್, ಡಿವಿಜನ್‌ಗಳನ್ನು ನಡೆಸಬೇಕು. ಮದ್ದುಗುಂಡು, ಅಕ್ಕಿ, ಡೀಸೆಲ್ ಎಲ್ಲಿಂದ ಬರುತ್ತದೆಂದು ಲೆಕ್ಕ ಹಾಕಬೇಕು. ಮಳೆಗಾಲ ಬಂದರೆ ದಾರಿ ಕೆಸರಾಗುತ್ತದೆ. ಒಂದು ಸರದಿ ಯೋಚಿಸಲು ಇಡೀ ಸಂಜೆ ಹಿಡಿಯುವುದುಂಟು.

ಮೂಲವನ್ನು ಚದುರಂಗದಲ್ಲಿ ಹುಡುಕುವ ಅಭ್ಯಾಸ ನಮ್ಮವರಿಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಕೌತುಕನಿಧಿಯೆಂಬ ಭಾಗವಿದೆ, ಅದು ಹೆಮ್ಮೆಯ ವಿಷಯವೇ. ಆದರೆ ಚದುರಂಗದಲ್ಲಿ ಎರಡೂ ಕಡೆ ಬಲ ಸಮ, ಎಲ್ಲವೂ ಕಣ್ಣೆದುರೇ ಇರುತ್ತದೆ. ರಣರಂಗದಲ್ಲಿ ಇವೆರಡೂ ಸುಳ್ಳು. ಈ ತಿಳಿವಳಿಕೆಯಿಂದ ಆಟ ಕಟ್ಟಿದವರು ಪ್ರಶ್ಯದ ರೈಸ್ವಿಟ್ಸ್ ತಂದೆ ಮಕ್ಕಳು. ತಂದೆ 1812ರಲ್ಲಿ ಶುರುಮಾಡಿದ್ದನ್ನು ಮಗ 1824ರಲ್ಲಿ ನಿಜವಾದ ನಕಾಶೆ, ದಾಳ, ತೀರ್ಪುಗಾರನ ಸಮೇತ ಸೈನ್ಯಕ್ಕೆ ಒಪ್ಪಿಸಿದ. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಅದನ್ನು ಮನೆಮನೆಗೆ ತಂದ, 1958ರಲ್ಲಿ ಅವಲಾನ್ ಹಿಲ್ ಕಂಪನಿ ಹುಟ್ಟಿತು. ಆ ಕಂಪನಿ 1964ರಿಂದ ಹೊರಡಿಸಿದ 'ದ ಜನರಲ್' ಪತ್ರಿಕೆಯಲ್ಲಿ ಎದುರಾಳಿ ಬೇಕಾಗಿದ್ದಾರೆ ಎಂಬ ಅಂಕಣವಿತ್ತು. ಊರಲ್ಲಿ ಜೊತೆ ಸಿಗದವನು ಅಲ್ಲಿ ವಿಳಾಸ ಕೊಟ್ಟು, ಅಂಚೆಯಲ್ಲಿ ನಡೆಗಳನ್ನು ಕಳಿಸಿ ಆಡುತ್ತಿದ್ದ. ಈ ಬಳಗದ ಬೇರು ಅಲ್ಲಿದೆ, ಕಂಪ್ಯೂಟರಿನಲ್ಲಿಲ್ಲ.

ಕಂಪ್ಯೂಟರ್ ಬಂದದ್ದು 1980ರಲ್ಲಿ. ಜೋಯಲ್ ಬಿಲ್ಲಿಂಗ್ಸ್ ಹಿಂದಿನ ವರ್ಷ ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ ಎಸ್‌ಎಸ್‌ಐ ಕಂಪನಿ 'ಕಂಪ್ಯೂಟರ್ ಬಿಸ್ಮಾರ್ಕ್' ಹೊರತಂದಿತು. 1981ರಲ್ಲಿ ಕ್ರಿಸ್ ಕ್ರಾಫರ್ಡ್‌ನ 'ಈಸ್ಟರ್ನ್ ಫ್ರಂಟ್', ಮರುವರ್ಷ ಗ್ಯಾರಿ ಗ್ರಿಗ್ಸ್‌ಬಿಯ 'ಗ್ವಾಡಲ್‌ಕೆನಾಲ್ ಕ್ಯಾಂಪೇನ್' ಬಂದವು. ಇವುಗಳ ಬಗ್ಗೆ ನಾವು ಓದಿದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ತಲೆಮಾರಿನ ಕಥೆ ತೊಂಬತ್ತರ ದಶಕದ ನಡುವಿನದು. 1994ರಲ್ಲಿ 'ಪ್ಯಾಂಜರ್ ಜನರಲ್', 1995ರಲ್ಲಿ 'ಸ್ಟೀಲ್ ಪ್ಯಾಂಥರ್ಸ್' ಬಂದವು. ಅದೇ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಕಂಪ್ಯೂಟರನ್ನು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಬಿಡಿಯಾಗಿ ತಂದು ಜೋಡಿಸಿಕೊಳ್ಳುವ ಕಾಲ ಅದು. ಆಟಗಳು ಡೆಮೊ ರೂಪದಲ್ಲಿ ಪತ್ರಿಕೆಗಳ ಜತೆಗಿನ ಸಿಡಿಯಲ್ಲಿ ಬರುತ್ತಿದ್ದವು, ಪೂರ್ತಿ ಆಟ ಗೆಳೆಯರ ಕೈಯಿಂದ ಕೈಗೆ ದಾಟುತ್ತಿತ್ತು. ನಮ್ಮ ಗುಂಪಿನಲ್ಲಿ ಸಿಂಧಿ ಅಂಗಡಿಯವರ ಮಗನಿದ್ದ, ರೈಲ್ವೆಯ ಮರಾಠಿ ಗುಮಾಸ್ತರಿದ್ದರು, ಧಾರವಾಡದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ನಾವೂ ಇದ್ದೆವು. ಸೈಬರ್ ಕೆಫೆಗಳಲ್ಲಿ ಸಾಲಾಗಿ ಕೂತು 'ಏಜ್ ಆಫ್ ಎಂಪೈರ್ಸ್' ಆಡುವ ಹುಡುಗರು ಇದೇ ಹೊತ್ತಿಗೆ ಬಂದರು. ಅದನ್ನು ನಾನು ಯುದ್ಧದಾಟದ ಸಾಲಿಗೆ ಸೇರಿಸುವುದಿಲ್ಲ, ಬೆರಳಿನ ಚುರುಕು ಅಲ್ಲಿ ಬುದ್ಧಿಯನ್ನು ಮೀರಿಸುತ್ತದೆ. ಆದರೂ ನಮ್ಮಲ್ಲಿಗೆ ಬಂದ ಅನೇಕರು ಆ ಬಾಗಿಲಿನಿಂದಲೇ ಬಂದವರು.

ಇಮೇಲ್ ಮೂಲಕ ಆಡುವ ಪದ್ಧತಿ, ಅಂದರೆ ಪಿಬಿಇಎಂ, ಈ ಭಾಗದ ಬದುಕಿಗೆ ಹೇಳಿ ಮಾಡಿಸಿದ್ದಾಗಿತ್ತು. ನೀವು ಆದೇಶಗಳನ್ನು ಕೊಟ್ಟು ಸೇವ್ ಫೈಲನ್ನು ಜಿಪ್ ಮಾಡಿ ಕಳಿಸುತ್ತೀರಿ. ಎದುರಾಳಿ ಅದನ್ನು ತೆರೆದು, ಏನಾಯಿತೆಂದು ನೋಡಿ, ತನ್ನ ಆದೇಶ ಸೇರಿಸಿ ಮರಳಿಸುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ಕೂರಬೇಕಿಲ್ಲ. ಕಲ್ಯಾಣದಿಂದ ಮುಂಬಯಿಯ ಬೋರಿಬಂದರಿಗೆ ಲೋಕಲ್‌ನಲ್ಲಿ ಹೋಗಿಬರುವವನಿಗೆ ರಾತ್ರಿ ಊಟವಾದ ಮೇಲಷ್ಟೇ ಬಿಡುವು. 2005ರಿಂದ ಮುಂದೆ ಕೆಲವು ವರ್ಷ ಇಲ್ಲಿ ದಿನದಿನವೂ ಲೋಡ್‌ಶೆಡ್ಡಿಂಗ್. ಮುಖಾಮುಖಿ ಆಡುವ ಆಟ ಕರೆಂಟು ಹೋದರೆ ಮುಗಿಯಿತು, ಟಪಾಲಿನ ಆಟಕ್ಕೆ ಅದರ ಹಂಗಿಲ್ಲ. ಮುಂದಿನ ನಡೆಯನ್ನು ನಾವು ರೈಲಿನಲ್ಲಿ ನಿಂತೇ ಯೋಚಿಸುತ್ತಿದ್ದೆವು. ಎದುರಾಳಿ ಫಿನ್‌ಲೆಂಡಿನವನೋ ಟೆಕ್ಸಾಸಿನವನೋ ಆಗಿರುತ್ತಿದ್ದ. ತಿಂಗಳುಗಟ್ಟಲೆ ಪತ್ರ ನಡೆದ ಮೇಲೆ ಅವನ ಮಗಳ ಮದುವೆ, ಅವನ ಊರಿನ ಹಿಮ ಎಲ್ಲ ಗೊತ್ತಾಗುತ್ತಿತ್ತು.

ಈ ಪದ್ಧತಿಯ ಶಿಖರವೆಂದರೆ, ನನ್ನ ಮಟ್ಟಿಗೆ, ಗ್ರಿಗ್ಸ್‌ಬಿಯ 'ವಾರ್ ಇನ್ ದ ಪೆಸಿಫಿಕ್' (2004) ಮತ್ತು ಅದನ್ನು ತಿದ್ದಿ ಬೆಳೆಸಿದ 'ಅಡ್ಮಿರಲ್ಸ್ ಎಡಿಷನ್' (2009). ಒಂದು ಸರದಿಗೆ ಯುದ್ಧದ ಒಂದು ದಿನ. 1941ರ ಡಿಸೆಂಬರ್‌ನಲ್ಲಿ ಹೊರಟವನು ಕೊನೆ ಮುಟ್ಟಲು 1500ಕ್ಕೂ ಹೆಚ್ಚು ಸರದಿ ಬೇಕು. ದಿನಕ್ಕೊಂದು ಕಳಿಸಿದರೂ ನಾಲ್ಕು ವರ್ಷ. ಇದನ್ನು ಹುಚ್ಚು ಎನ್ನುವವರಿದ್ದಾರೆ. ಪ್ರತಿಯೊಂದು ಹಡಗು, ವಿಮಾನದಳ, ಬಂದರು, ಎಣ್ಣೆಯ ದಾಸ್ತಾನು ಲೆಕ್ಕಕ್ಕಿರುವ ಈ ಆಟದಷ್ಟು ಚೆನ್ನಾಗಿ ಸರಬರಾಜಿನ ಕಷ್ಟವನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಇಂಫಾಲದಲ್ಲಿ ಸೈನ್ಯ ನಿಲ್ಲಬೇಕಾದರೆ ದಿಮಾಪುರದ ರೈಲು ಓಡಬೇಕು. ಕೊಹಿಮಾದ ರಸ್ತೆ ಕತ್ತರಿಸಿದರೆ ವಿಮಾನ ಬೇಕು. 1944ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಿ ಸ್ಲಿಮ್ 5ನೇ ಭಾರತೀಯ ಡಿವಿಜನ್ನನ್ನು ಅರಕಾನಿನಿಂದ ವಿಮಾನದಲ್ಲೇ ಎತ್ತಿ ತಂದ. ಇದನ್ನು ಓದುವುದು ಬೇರೆ. ನಿಮ್ಮ ವಿಮಾನಗಳೆಲ್ಲ ಇನ್ನೆಲ್ಲೋ ಅಕ್ಕಿ ಹೊರುತ್ತಿರುವಾಗ ಅವನ್ನು ಬಿಡಿಸಿ ತರುವುದು ಬೇರೆ.

ಅದೇ ಆಟದಲ್ಲಿ ಇನ್ನೊಂದು ಸಂಗತಿಯಿದೆ. 'ಅಡ್ಮಿರಲ್ಸ್ ಎಡಿಷನ್' ನಕಾಶೆಯಲ್ಲಿ ಒಂದು ಹೆಕ್ಸ್‌ಗೆ 40 ಮೈಲಿ. ಬೋರಿಬಂದರಿನಿಂದ ಕಲ್ಯಾಣದವರೆಗಿನ 54 ಕಿಲೋಮೀಟರ್ ಹಳಿ ಬೊಂಬಾಯಿಯೆಂಬ ಒಂದೇ ಮನೆಯೊಳಗೆ ಅಡಗಿಹೋಗುತ್ತದೆ. ಆ ಮನೆಯೊಳಗೆ, ಕಲ್ಯಾಣದ ಪಕ್ಕದಲ್ಲಿ, ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆಂದು ಕಟ್ಟಿದ ಮಿಲಿಟರಿ ಟ್ರಾನ್ಸಿಟ್ ಕ್ಯಾಂಪ್ ಇತ್ತು. 6,000 ಸೈನಿಕರಿಗೂ 30,000 ಇತರರಿಗೂ ಅಲ್ಲಿ ಜಾಗವಿತ್ತು. ಯುದ್ಧ ಮುಗಿದು ದೇಶ ಒಡೆದ ಮೇಲೆ ಅದೇ ಬ್ಯಾರಕ್‌ಗಳಲ್ಲಿ ಸಿಂಧಿ ನಿರಾಶ್ರಿತರು ನೆಲೆ ಕಂಡರು. 1949ರ ಆಗಸ್ಟ್ 8ರಂದು ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟು ಅದು ಉಲ್ಹಾಸನಗರವಾಯಿತು. ಇಂದಿಗೂ ಇಲ್ಲಿ ವಿಳಾಸ ಕೇಳಿದರೆ ಕ್ಯಾಂಪ್ ನಂಬರ್ ಮೂರು, ಕ್ಯಾಂಪ್ ನಂಬರ್ ಐದು ಎಂದೇ ಹೇಳುತ್ತಾರೆ. ಎರಡನೇ ಮಹಾಯುದ್ಧದ ಆಟಗಳನ್ನು ಇಷ್ಟು ವರ್ಷ ಆಡಿದ ಇಲ್ಲಿನ ಹುಡುಗರು ಆ ಯುದ್ಧದ ಒಂದು ಶಿಬಿರದಲ್ಲೇ ವಾಸವಾಗಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರಲಿಲ್ಲ.

ಬಳಗದ ದೊಡ್ಡ ಆಸ್ತಿ ಎರಡು: ಕಾಳಗದ ವರದಿ, ಸಿನಾರಿಯೊ. ಎಎಆರ್ ಎಂದು ಕರೆಯುವ ವರದಿಯಲ್ಲಿ ಆಟಗಾರ ತನ್ನ ಯುದ್ಧವನ್ನು ಸರದಿಯಿಂದ ಸರದಿಗೆ, ನಕಾಶೆಯ ಚಿತ್ರಗಳ ಸಮೇತ ಬರೆಯುತ್ತಾನೆ. ಎದುರಾಳಿ ಇದನ್ನು ಓದಕೂಡದೆಂಬ ಕರಾರು ಮೊದಲ ಸಾಲಿನಲ್ಲೇ ಇರುತ್ತದೆ, ಮತ್ತು ಅಪರಿಚಿತರು ಅದನ್ನು ವರ್ಷಾನುಗಟ್ಟಲೆ ಪಾಲಿಸುತ್ತಾರೆ. ಒಳ್ಳೆಯ ವರದಿ ಒಂದು ಕಾದಂಬರಿಯಷ್ಟು ಉದ್ದ, ಅಷ್ಟೇ ಓದಿಸಿಕೊಳ್ಳುವ ಗುಣ. ಯಾರು ಗೆದ್ದರು ಎಂಬುದಕ್ಕಿಂತ ಸೋತವನು ತನ್ನ ತಪ್ಪು ಲೆಕ್ಕವನ್ನು ಹೇಗೆ ಬಿಡಿಸಿ ಹೇಳಿದ ಎಂಬುದಕ್ಕೆ ಇಲ್ಲಿ ಮರ್ಯಾದೆ.

ಸಿನಾರಿಯೊ ಕಟ್ಟುವುದು, ಅಂದರೆ ಒಂದು ಕದನವನ್ನು ಆಡುವಂತೆ ನಕಾಶೆಯ ಮೇಲೆ ಹೊಂದಿಸುವುದು, ಇನ್ನೂ ಕಷ್ಟದ ಕೆಲಸ. 'ಸ್ಟೀಲ್ ಪ್ಯಾಂಥರ್ಸ್' ಆಟವನ್ನು ಉತ್ಸಾಹಿಗಳು ಮುಂದುವರಿಸಿ ಉಚಿತವಾಗಿ ಹಂಚುವ 'ಮೇನ್ ಬ್ಯಾಟಲ್ ಟ್ಯಾಂಕ್' ರೂಪದಲ್ಲಿ ಭಾರತ, ಪಾಕಿಸ್ತಾನ ಎರಡೂ ಸೈನ್ಯಗಳಿವೆ. ಅದರಲ್ಲಿ 1965ರ ಅಸಲ್ ಉತ್ತರ್ ಕದನವನ್ನು ನಮ್ಮ ಗುಂಪು ಕಟ್ಟಲು ಹೊರಟಿತು. ಒಂದು ಹೆಕ್ಸ್‌ಗೆ ಬರೀ 50 ಗಜ, ಹಾಗಾಗಿ ಪ್ರತಿ ಗದ್ದೆಯೂ ಲೆಕ್ಕಕ್ಕೆ. ಮೊದಲು ನೆಲವನ್ನು ಒಣಗಿಸಿಟ್ಟೆವು, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಸಲೀಸಾಗಿ ಬಂದು ನಮ್ಮ ಸಾಲನ್ನು ಸೀಳಿದವು. ಆ ಸೆಪ್ಟೆಂಬರ್‌ನಲ್ಲಿ ನಮ್ಮ ಸೈನಿಕರು ಕಾಲುವೆ ಒಡೆದು ನೀರು ಬಿಟ್ಟಿದ್ದರಲ್ಲ, ಅದನ್ನು ಹಾಕಿದೆವು. ಕೆಸರಿನ ಹೆಕ್ಸ್‌ಗಳಲ್ಲಿ ಟ್ಯಾಂಕುಗಳು ಹೂತವು, ಆದರೆ ಹೂತ ಟ್ಯಾಂಕೂ ದೂರದಿಂದ ಹೊಡೆಯುತ್ತಿತ್ತು. ಕೊನೆಗೆ ಕಬ್ಬಿನ ಗದ್ದೆಗಳನ್ನು ಆಳೆತ್ತರಕ್ಕೆ ಬೆಳೆಸಿ ನೋಟಕ್ಕೆ ಅಡ್ಡ ಇಟ್ಟಾಗ ಜೀಪಿನ ಮೇಲಿನ ರಿಕಾಯಿಲ್‌ಲೆಸ್ ಗನ್ನು ಹತ್ತಿರದಿಂದ, ಪಕ್ಕದಿಂದ ಹೊಡೆಯಲು ಸಾಧ್ಯವಾಯಿತು. ಆ ಕದನದಲ್ಲಿ ಅಂಥದೇ ಗನ್ನಿನಿಂದ ಅಬ್ದುಲ್ ಹಮೀದರು ಏನು ಮಾಡಿದರೆಂದು ಶಾಲೆಯ ಪಾಠದಲ್ಲಿ ಓದಿದ್ದೆವು. ಅದು ಹೇಗೆ ಸಾಧ್ಯವಾಯಿತೆಂದು ತಿಳಿದದ್ದು ಈ ಕಬ್ಬನ್ನು ಹಾಕಿದ ಮೇಲೆ.

2000ದ ನಂತರ ಇನ್ನೊಂದು ಶಾಲೆ ಬೆಳೆಯಿತು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ 'ಯುರೋಪಾ ಯೂನಿವರ್ಸಾಲಿಸ್', 'ಹಾರ್ಟ್ಸ್ ಆಫ್ ಐರನ್', 'ಕ್ರುಸೇಡರ್ ಕಿಂಗ್ಸ್' ಯುದ್ಧಕ್ಕಿಂತ ರಾಜ್ಯಭಾರದ ಆಟಗಳು. ಇವುಗಳಲ್ಲಿ ಸೈನ್ಯ ನಡೆಸುವ ಸೂಕ್ಷ್ಮ ತೆಳುವಾಗಿದೆ ಎಂಬುದು ನನ್ನ ಅಭಿಪ್ರಾಯ. ಹಿಂದುಸ್ತಾನಕ್ಕೆ ಜಾಗ ಕೊಟ್ಟದ್ದರಲ್ಲಿ ಮಾತ್ರ ಅವರು ಉದಾರಿಗಳು: 2014ರಲ್ಲಿ 'ರಾಜಾಸ್ ಆಫ್ ಇಂಡಿಯಾ', 2018ರಲ್ಲಿ 'ಧರ್ಮ'. ಇವುಗಳ ದೆಸೆಯಿಂದ ರಾಷ್ಟ್ರಕೂಟ, ಚಾಲುಕ್ಯ, ವಿಜಯನಗರದ ಹೆಸರುಗಳು ಜಗತ್ತಿನ ಹುಡುಗರ ಬಾಯಲ್ಲಿ ಬಂದವು. 'ಏಜ್ ಆಫ್ ಎಂಪೈರ್ಸ್ 2'ರ 2022ರ 'ಡೈನಾಸ್ಟೀಸ್ ಆಫ್ ಇಂಡಿಯಾ'ದಲ್ಲಿ ದ್ರಾವಿಡರು ತಮಿಳು ಮಾತಾಡುತ್ತಾರೆ, ರಾಜೇಂದ್ರ ಚೋಳನ ಕಥೆಯಲ್ಲಿ ಚಾಲುಕ್ಯರು ಶತ್ರುಗಳು. ತಮಿಳರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಚರಿತ್ರೆಯನ್ನು ಬರೆದಿಟ್ಟು ಜಗತ್ತಿಗೆ ಓದಿಸಿದವರ ಪರವಾಗಿ ಆಟ ಕಟ್ಟುವವರು ನಿಲ್ಲುತ್ತಾರೆ, ಅಷ್ಟೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಳಗ ಹಿಗ್ಗಿದೆ, ಸಡಿಲವೂ ಆಗಿದೆ. ಯುದ್ಧದಾಟಗಳನ್ನು ಹೊರಡಿಸುವ ಮ್ಯಾಟ್ರಿಕ್ಸ್, ಸ್ಲಿದರಿನ್ ಕಂಪನಿಗಳು 2010ರಲ್ಲಿ ಒಂದಾದವು. ಸೇವ್ ಫೈಲನ್ನು ಈಗ ಸರ್ವರೇ ಸಾಗಿಸುತ್ತದೆ, ಟಪಾಲಿನ ಜತೆಗಿದ್ದ ಪತ್ರ ನಿಂತಿತು. ಬರೆದ ವರದಿಯ ಜಾಗದಲ್ಲಿ ಯೂಟ್ಯೂಬ್ ವಿಡಿಯೊ ಬಂದಿದೆ, ಅದರಲ್ಲಿ ಸಾವಧಾನ ಕಡಿಮೆ. ಒಳ್ಳೆಯದೂ ಆಗಿದೆ. 2011ರ 'ಯೂನಿಟಿ ಆಫ್ ಕಮಾಂಡ್' ಹೊಸಬರನ್ನು ಹೆದರಿಸದೆ ಸರಬರಾಜಿನ ಪಾಠ ಹೇಳಿತು. 'ಕಮಾಂಡ್' ಆಟದ ವೃತ್ತಿಪರ ಆವೃತ್ತಿಯನ್ನು ಸೇನೆಗಳೇ ಬಳಸುತ್ತವೆ. ನಮ್ಮ ದೇಶದಲ್ಲೂ ಸೇನೆಗೆ ದೆಹಲಿಯಲ್ಲಿ ವಾರ್‌ಡೆಕ್ ಎಂಬ ಯುದ್ಧದಾಟದ ಕೇಂದ್ರ ಇದೆ. ನೌಕಾಪಡೆಯ ಅಧಿಕಾರಿಗಳ ಯುದ್ಧ ಕಾಲೇಜು ಗೋವೆಗೆ ಹೋಗುವ ಮುಂಚೆ ನವಿ ಮುಂಬಯಿಯ ಆಚೆ, ಉರಣದ ಕರಂಜಾದಲ್ಲೇ ಇತ್ತು. ಅವರಿಗೂ ನಮ್ಮಂಥ ಹವ್ಯಾಸಿಗಳಿಗೂ ನಡುವೆ ಮಾತುಕತೆ ಇಲ್ಲ. ಅಮೆರಿಕ, ಬ್ರಿಟನ್ನುಗಳಲ್ಲಿ ಅದು ಇದೆ, ಎರಡು ಕಡೆಗೂ ಲಾಭವಾಗಿದೆ.

2024ರಲ್ಲಿ ಅಮೆರಿಕದ ಜಿಎಂಟಿ ಕಂಪನಿ 'ವಿಜಯನಗರ' ಎಂಬ ಹಲಗೆಯಾಟ ತಂದಿತು. ದೆಹಲಿ ಸುಲ್ತಾನರು, ಬಹಮನಿಗಳು, ವಿಜಯನಗರದವರು, ಮೂವರು ಆಡುವಂಥದ್ದು. ಶ್ರದ್ಧೆಯಿಂದ ಮಾಡಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನ ಉದ್ದಕ್ಕೂ ಚಿತ್ರಿತವಾಗಿದೆ, ಅದನ್ನು ನೋಡಿ ಬಂದ ನಮ್ಮ ಇಂಜಿನಿಯರುಗಳಿಗೆ ಬೆಂಗಳೂರಿನಲ್ಲಿ ಆಟದ ಕಂಪನಿಗಳಲ್ಲೇ ಕೆಲಸವಿದೆ. ಆದರೂ ಆ ಕದನವನ್ನು ಕನ್ನಡದ ಟಿಪ್ಪಣಿಯೊಂದಿಗೆ ಆಡಿಸುವ ಸಿನಾರಿಯೊ ನನ್ನ ಕೈಗೆ ಬಂದಿಲ್ಲ. ಕನ್ನಡದಲ್ಲಿ ಬರೆದ ಒಂದು ಎಎಆರ್ ನಾನು ಓದಿಲ್ಲ. ಇನ್ನೂ ಕೊರತೆಗಳಿವೆ. ನಮ್ಮ ಗುಂಪಿನಲ್ಲಿ ಹೆಂಗಸರು ಇರಲೇ ಇಲ್ಲ, ಅವರನ್ನು ಕರೆಯಬೇಕೆಂದು ನಮಗೂ ಹೊಳೆಯಲಿಲ್ಲ. ಬರ್ಮಾ ರಂಗದ ಆಟಗಳಲ್ಲಿ ಸೈನ್ಯದ ದಾಸ್ತಾನಿಗೆ ಲೆಕ್ಕವಿದೆ. 1942ರಲ್ಲಿ ಬಂಗಾಳದ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ಸರ್ಕಾರ ಕಿತ್ತುಕೊಂಡದ್ದಕ್ಕೆ, 1943ರ ಬರಗಾಲಕ್ಕೆ ಅದೇ ನಕಾಶೆಯಲ್ಲಿ ಲೆಕ್ಕವಿಲ್ಲ. ಈ ನೆಲದವರು ಕಟ್ಟಿದ್ದರೆ ಅದು ಬಿಟ್ಟುಹೋಗುತ್ತಿರಲಿಲ್ಲ. ಮಡಿಕೇರಿಯಲ್ಲಿ ಹುಟ್ಟಿ ಮುಂದೆ ಜನರಲ್ ಆದ ತಿಮ್ಮಯ್ಯನವರು 1945ರ ಜನವರಿಯಲ್ಲಿ ಅರಕಾನಿನ ಕಂಗಾವ್‌ನಲ್ಲಿ ತಮ್ಮ ಪಟಾಲಂ ನಡೆಸಿದರು. ಅವರಿದ್ದ 25ನೇ ಭಾರತೀಯ ಡಿವಿಜನ್ನನ್ನು ನಾವು ಪರದೆಯ ಮೇಲೆ ಎಷ್ಟೋ ಸಲ ಅತ್ತಿತ್ತ ಸರಿಸಿದ್ದೇವೆ, ಅದರೊಳಗೆ ಯಾರಿದ್ದರೆಂದು ಕೇಳದೆ.

ಉಪಕರಣಗಳಿಗೆ ಕೊರತೆಯಿಲ್ಲ. 'ಆಪರೇಷನಲ್ ಆರ್ಟ್ ಆಫ್ ವಾರ್' ಕೊಂಡರೆ ಸಿನಾರಿಯೊ ಕಟ್ಟುವ ಸಲಕರಣೆ ಅದರೊಳಗೇ ಇದೆ. ಹಲಗೆಯಾಟವನ್ನು ಪರದೆಗೆ ತರುವ ವ್ಯಾಸಲ್ ಉಚಿತ. ಬೇಕಾಗಿರುವುದು ಮಾಹಿತಿ. ಕೊಡಗು, ಬೆಳಗಾವಿ, ಧಾರವಾಡ, ಕೋಲಾರದ ಕಡೆಯ ಎಷ್ಟೋ ಮನೆಗಳಲ್ಲಿ ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಅಜ್ಜಂದಿರ ಡಿಸ್ಚಾರ್ಜ್ ಪುಸ್ತಕ, ಬರ್ಮಾ ಸ್ಟಾರ್ ಪದಕ, ಮನೆಗೆ ಬರೆದ ಕಾರ್ಡು ಟ್ರಂಕಿನಲ್ಲಿ ಬಿದ್ದಿರುತ್ತವೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅವಿದ್ದರೆ ಫೋಟೊ ತೆಗೆದಿಡಿ. ಪಟಾಲಮಿನ ಹೆಸರು, ಹೊರಟ ತಾರೀಖು, ದಾರಿಯಲ್ಲಿ ಇಳಿದ ಕ್ಯಾಂಪು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸಿನಾರಿಯೊ ಕಟ್ಟಲು ಕೂರುವವನು ಮೊದಲು ಕೇಳುವುದು ಇವನ್ನೇ.